ಹಣದುಬ್ಬರ ಇಳಿಯಿತು, ಬೆಲೆ ಇಳಿಯಲಿಲ್ಲ!

‘ಹಣದುಬ್ಬರ ಇಳಿಯಿತು ಎಂದು ಪತ್ರಿಕೆಯಲ್ಲಿ ಬರುತ್ತದೆ. ಅಂಗಡಿಯಲ್ಲಿ ಮಾತ್ರ ಬೇಳೆಯ ಬೆಲೆ ಇಳಿಯುವುದೇ ಇಲ್ಲವಲ್ಲ!’ ಇದು ಮನೆಮನೆಯ ಮಾತು. ಪತ್ರಿಕೆ ಹೇಳುವುದೂ ನಿಜ, ಅಮ್ಮ ಹೇಳುವುದೂ ನಿಜ. ಅದು ಹೇಗೆ? ನಮ್ಮ ನೆರೆಯ ದೇಶಗಳ ಲೆಕ್ಕ ನೋಡಿದರೆ ಗುಟ್ಟು ತಿಳಿಯುತ್ತದೆ.

ಒಂದು ಸಂಸಾರಕ್ಕೆ ಬೇಕಾದ ಅಕ್ಕಿ, ಬೇಳೆ, ಬಟ್ಟೆ, ಬಾಡಿಗೆ, ಬಸ್ ಚಾರ್ಜು, ಶಾಲೆಯ ಫೀಸು ಎಲ್ಲವನ್ನೂ ಒಂದು ಬುಟ್ಟಿಯಲ್ಲಿ ಇಟ್ಟಿದ್ದೇವೆ ಎಂದುಕೊಳ್ಳಿ. ಹೋದ ವರ್ಷ ಇದೇ ತಿಂಗಳಲ್ಲಿ ಆ ಬುಟ್ಟಿಗೆ 100 ರೂಪಾಯಿ ಆಗಿದ್ದು, ಈ ವರ್ಷ 105 ಆದರೆ ಹಣದುಬ್ಬರ ಶೇ 5.

ಮೇ 2025ರ ಅಂಕಿಗಳನ್ನು ತೆಗೆದುಕೊಳ್ಳೋಣ. ಬಾಂಗ್ಲಾದೇಶದಲ್ಲಿ ಹಣದುಬ್ಬರ ಸುಮಾರು ಶೇ 9, ಪಾಕಿಸ್ತಾನದಲ್ಲಿ 3.5, ಭಾರತದಲ್ಲಿ 2.8. ಶ್ರೀಲಂಕಾದ ಕೊಲಂಬೊ ನಗರದ ಬೆಲೆ ಸೂಚ್ಯಂಕ ಸೊನ್ನೆಗಿಂತಲೂ ಕೆಳಗೆ, ಮೈನಸ್ 0.7! ರ‍್ಯಾಂಕ್ ಪಟ್ಟಿಯಂತೆ ಓದಿದರೆ ಶ್ರೀಲಂಕಾಕ್ಕೇ ಮೊದಲ ಸ್ಥಾನ. ಆದರೆ ಹಿಂದಿನ ವರ್ಷಗಳ ಅಂಕಪಟ್ಟಿಯನ್ನೂ ನೋಡಬೇಡವೇ?

2022ರಲ್ಲಿ ಶ್ರೀಲಂಕಾದ ಬಳಿ ವಿದೇಶಿ ವಿನಿಮಯ ಬರಿದಾಯಿತು. 2019ರಲ್ಲಿ ತೆರಿಗೆ ಕಡಿತ ಮಾಡಿದ್ದರಿಂದ ಸರ್ಕಾರದ ಆದಾಯ ಕುಗ್ಗಿತ್ತು. ಕೋವಿಡ್‌ನಿಂದ ಪ್ರವಾಸಿಗಳು ಬರುವುದು ನಿಂತಿತ್ತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ದಿಢೀರನೆ ನಿಷೇಧಿಸಿದ್ದರಿಂದ ಬೆಳೆಯೂ ಕೈಕೊಟ್ಟಿತು. ಡಾಲರ್ ಇಲ್ಲದೆ ಪೆಟ್ರೋಲ್, ಔಷಧಿ, ಅಡುಗೆ ಅನಿಲ ತರುವುದು ಹೇಗೆ? ಕಾಗದ ಸಿಗದೆ ಪಶ್ಚಿಮ ಪ್ರಾಂತ್ಯದ ಶಾಲೆಗಳ ಪರೀಕ್ಷೆಯನ್ನೇ ಮಾರ್ಚ್ 2022ರಲ್ಲಿ ಮುಂದೂಡಬೇಕಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಕೊಲಂಬೊದ ಹಣದುಬ್ಬರ ಸುಮಾರು ಶೇ 70 ಮುಟ್ಟಿತು.

ಈಗ ಪೆನ್ಸಿಲ್ ಹಿಡಿಯಿರಿ. ಕೊಲಂಬೊದಲ್ಲಿ ಮೇ 2021ರಲ್ಲಿ ಬುಟ್ಟಿಯ ಬೆಲೆ ಅಲ್ಲಿನ 100 ರೂಪಾಯಿ ಇತ್ತೆನ್ನಿ. ಮುಂದಿನ ಮೂರು ಮೇ ತಿಂಗಳುಗಳ ಹಣದುಬ್ಬರ ಕ್ರಮವಾಗಿ ಶೇ 39, 25 ಮತ್ತು 0.9. ನಾಲ್ಕನೆಯದು ಮೈನಸ್ 0.7. ಒಂದರ ಮೇಲೊಂದು ಲೆಕ್ಕ ಹಾಕಿದರೆ ಅದೇ ಬುಟ್ಟಿ 2025ರಲ್ಲಿ ಸುಮಾರು 174 ರೂಪಾಯಿ! ಇದೇ ರೀತಿ ಲೆಕ್ಕ ಮಾಡಿದರೆ ಭಾರತದ 100 ರೂಪಾಯಿಯ ಬುಟ್ಟಿ ಸುಮಾರು 120 ಆಗಿತ್ತು.

ಆಗುಂಬೆ ಘಾಟಿ ಹತ್ತಿದ ಬಸ್ಸು ಮೇಲೆ ಸಮತಟ್ಟಾದ ರಸ್ತೆಯಲ್ಲಿ ಓಡುತ್ತದೆ. ಏರುವುದು ನಿಂತಿತು ಎಂದ ಮಾತ್ರಕ್ಕೆ ಅದು ಮತ್ತೆ ಕೆಳಗಿನ ಸೋಮೇಶ್ವರಕ್ಕೆ ಇಳಿದಂತಲ್ಲ. ಹಣದುಬ್ಬರದ ದರ ಹೇಳುವುದು ಏರುವ ವೇಗವನ್ನು. ಎಷ್ಟು ಎತ್ತರ ಏರಿದ್ದೇವೆ ಎಂಬುದನ್ನಲ್ಲ.

ಹಾಗಾದರೆ ಪೆಟ್ಟು ಬಿದ್ದದ್ದು ಯಾರಿಗೆ? ಕೊಲಂಬೊದಲ್ಲಿ ಆ ನಾಲ್ಕು ವರ್ಷ ಸಂಬಳವೋ ಪಿಂಚಣಿಯೋ ಏರದೆ ಹೋದವರು ಮೊದಲು ಕೊಳ್ಳುತ್ತಿದ್ದ 100 ಪಾಲಿನಲ್ಲಿ ಸುಮಾರು 57 ಪಾಲನ್ನಷ್ಟೇ ಕೊಳ್ಳಬಲ್ಲರು. ಆದ್ದರಿಂದ ಬೆಲೆಯ ಜೊತೆಗೆ ಆದಾಯ ಎಷ್ಟು ಏರಿತು ಎಂದೂ ಕೇಳಬೇಕು.

ಮನೆಯಲ್ಲಿ ನಾಲ್ಕು ವರ್ಷ ಹಳೆಯ ದಿನಸಿ ಚೀಟಿ ಇದ್ದರೆ ಹುಡುಕಿ. ಈ ತಿಂಗಳ ಚೀಟಿಯ ಪಕ್ಕದಲ್ಲಿಟ್ಟು, ಅಪ್ಪ ಅಮ್ಮನ ಜೊತೆ ಕುಳಿತು ಲೆಕ್ಕ ಹಾಕಿ. ನಿಮ್ಮ ಮನೆಯ ಬುಟ್ಟಿ ಎಷ್ಟು ಎತ್ತರ ಹತ್ತಿದೆ ಎಂಬುದು ಗೊತ್ತಾಗುತ್ತದೆ.