ಪಾರ್ಕಿಗೆ ಮಧ್ಯಾಹ್ನ ಬೀಗ ಯಾಕ?

1/3
ಕಬ್ಬನ್ ಪಾರ್ಕಿನ ಫೋಟೊ ಹಾಕಿದ್ದಕ್ಕ "ನಮ್ಮ ಕಡೆ ಇಂಥಾದ್ದೆಲ್ಲಿ ಅದ" ಅಂತ ಎಲ್ಲರೂ ಕೇಳಿದ್ರಿ. ಅದೇನು ತಾನಾಗೇ ಬೆಳೆದ ಕಾಡಲ್ಲ. 1870ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ರೂಪಿಸಿದ್ದು. ಮೊದಲಿಗೆ ಸುಮಾರು 100 ಎಕರೆ, ಆಮೇಲೆ ದೊಡ್ಡದಾಯ್ತು.

2/3
ನಮ್ಮಲ್ಲಿ ಪಾರ್ಕ್ ಅಂದ್ರ ಶಹಾಬಾದ್ ಫರ್ಸಿ, ಸಿಮೆಂಟ್ ಬೆಂಚು, ದೊಡ್ಡ ಬೋರ್ಡು. ಕಲ್ಲೂ ನಮ್ದೇ, ಸಿಮೆಂಟೂ ನಮ್ದೇ, ನೆರಳು ಮಾತ್ರ ಇಲ್ಲ! 42 ಡಿಗ್ರಿಗೆ ಕಾದ ಬೆಂಚಿನ ಮ್ಯಾಲೆ ಯಾರು ಕೂಡಬೇಕು?

ಹೋದ ವಾರ ಪರೀಕ್ಷೆ ಮುಗಿಸಿ, ಬಸ್ಸಿಗೆ ಇನ್ನೂ ಎರಡು ತಾಸು ಅದ ಅಂತ ನಾನು, ಗೆಳತಿ ಒಂದು ಪಾರ್ಕಿಗೆ ಹೋದ್ರ ಬೀಗ. "ನಾಲ್ಕಕ್ಕ ಬರ್ರಿ" ಅಂದ್ರು. ಹುಡುಗರು ಚಾದಂಗಡಿ ಮುಂದ ನಿಂತು ಟೈಮ್ ಕಳೀತಾರ. ನಾವು ಎಲ್ಲಿ ನಿಲ್ಲಬೇಕು?

3/3
"ತೆಗೆದಿಟ್ರ ಪುಂಡರು ಬರ್ತಾರ" ಅನ್ನೋದು ಬರೇ ನೆಪ. ನಾಲ್ಕು ಮಂದಿ ಓಡಾಡೋ ಜಾಗದಾಗ ಪುಂಡಾಟ ನಡಿಯೋದು ಕಡಿಮಿ. ಪಾರ್ಕು, ಆಟದ ಮೈದಾನ ಉಳಿಸ್ಲಿಕ್ಕೆ ರಾಜ್ಯದಾಗ 1985ರ ಕಾಯ್ದೆನೇ ಅದ. ಉಳಿಸೋದು ಅಂದ್ರ ಬೀಗ ಜಡಿಯೋದಲ್ಲ. ಕುಡಿಯೋ ನೀರು, ಹೆಣ್ಮಕ್ಕಳಿಗೆ ಟಾಯ್ಲೆಟ್, ನಾಲ್ಕು ಬೇವಿನ ಗಿಡ ಮೊದಲು ಆಗಲಿ. ಕಾರಂಜಿ ಆಮೇಲೆ ನೋಡೋಣ.

ನಿಮ್ಮೂರಿನ ಪಾರ್ಕ್ ಎಷ್ಟಕ್ಕ ತೆಗೀತಾರ, ಕಾಮೆಂಟ್ ಹಾಕ್ರಿ. ಸೋಮವಾರ ಅರ್ಜಿ ಕೊಡ್ಲಿಕ್ಕೆ ಹೊಂಟೀವಿ, ಅದರಾಗ ಬರೀತೀವಿ.