ಅಲ್ಲಿ ಎಂತಕ್ಕೆ ಇರ್ತಾರೆ?

ಕಳೆದ ಮಳೆಗಾಲದಲ್ಲಿ ನಮ್ಮೂರಿನ ಸಭಾಭವನದಲ್ಲಿ ಒಬ್ಬ ತರುಣರು ಜಗತ್ತಿನ ಹಾಳಾದ ಊರುಗಳ ಚಿತ್ರಗಳನ್ನು ತೋರಿಸಿದರು. ಪರಿಸರದ ಬಗ್ಗೆ ನಿಜವಾದ ಕಾಳಜಿ ಇರುವವರು, ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಒಂದರ ಹಿಂದೆ ಒಂದು ಊರು ಬಂದು ಹೋಗಿ ಕೊನೆಗೆ ರಷ್ಯಾದ ನೊರಿಲ್ಸ್ಕ್ ಬಂತು. ಹಿಮ, ಹಿಮದ ಮೇಲೆ ಮಸಿ, ಹೊಗೆ ಕಾರುವ ಚಿಮಣಿಗಳು, ಒಂದೇ ಅಚ್ಚಿನಲ್ಲಿ ತೆಗೆದಂತಿರುವ ಒಂಬತ್ತಂತಸ್ತಿನ ಮನೆಗಳು, ನಡುಮಧ್ಯಾಹ್ನ ಉರಿಯುವ ಬೀದಿದೀಪಗಳು. ನನ್ನ ಪಕ್ಕದಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರು ತಡೆಯಲಾರದೆ ಗಟ್ಟಿಯಾಗಿಯೇ ಕೇಳಿದರು: "ಅಲ್ಲ ಮಾರಾಯ್ರೆ, ಇಂಥಾ ಕಡೆ ಎಂತಕ್ಕೆ ಇರ್ತಾರೆ ಇವರು? ಬಿಟ್ಟು ಹೋಗಬಾರದಾ?" ಸಭೆ ಲೊಚಗುಟ್ಟಿತು. ಆಮೇಲೆ ಎಲ್ಲರೂ ಎದ್ದು ಸ್ಟೀಲ್ ಲೋಟದಲ್ಲಿ ಚಹಾ ಕುಡಿದೆವು.

ಅವತ್ತು ನಾನು ಬಾಯಿ ಬಿಡಲಿಲ್ಲ. ಆ ಪ್ರಶ್ನೆಯನ್ನು ಅದಕ್ಕೂ ಮೊದಲು ಒಮ್ಮೆ ಕೇಳಿದ್ದೆ. ಎಲ್ಲಿ ಎಂಬುದನ್ನು ಮುಂದೆ ಹೇಳುತ್ತೇನೆ.

ನಾನು ನೊರಿಲ್ಸ್ಕಿಗೆ ಹೋದವನಲ್ಲ. ಹೋಗುತ್ತೇನೆಂದರೆ ಸುಲಭವಾಗಿ ಬಿಡುವುದೂ ಇಲ್ಲ, 2001ರಿಂದ ಪರದೇಶದವರಿಗೆ ಅದು ಅಪ್ಪಣೆ ಬೇಕಾದ ಊರು. ಆದರೆ ಆ ದಿನದಿಂದ ಹಟ ಹಿಡಿದು ಓದಿದ್ದೇನೆ, ಅಲ್ಲಿಯವರೇ ತೆಗೆದ ವಿಡಿಯೋಗಳನ್ನು ರಾತ್ರಿ ಕೂತು ನೋಡಿದ್ದೇನೆ. ಉತ್ತರ ಧ್ರುವವೃತ್ತದಿಂದ ಸುಮಾರು 300 ಕಿಲೋಮೀಟರ್ ಇನ್ನೂ ಉತ್ತರಕ್ಕಿರುವ ಈ ಊರಲ್ಲಿ ಒಂದೂಮುಕ್ಕಾಲು ಲಕ್ಷ ಜನ ಇದ್ದಾರೆ. ಉಳಿದ ರಷ್ಯಾಕ್ಕೂ ಇದಕ್ಕೂ ರಸ್ತೆಯಿಲ್ಲ, ರೈಲಿಲ್ಲ. ಯೆನಿಸೇ ನದಿಯ ದಂಡೆಯ ದುದಿಂಕಾ ಬಂದರಿನತನಕ ಒಂದು ದಾರಿಯಿದೆ, ಅಲ್ಲಿಂದ ಹಡಗು. ಇಲ್ಲದಿದ್ದರೆ ವಿಮಾನ. ಪ್ರತಿವರ್ಷ ಹಿಮ ಒಡೆದು ನದಿ ಉಕ್ಕುವಾಗ ಆ ಬಂದರೇ ಮುಳುಗುತ್ತದೆ. ಅಷ್ಟರೊಳಗೆ ಕ್ರೇನುಗಳನ್ನು ಎತ್ತರಕ್ಕೆ ಸಾಗಿಸಿ, ನೀರಿಳಿದ ಮೇಲೆ ಮತ್ತೆ ತಂದು ನಿಲ್ಲಿಸುತ್ತಾರೆ. ಏಷ್ಯಾ ಖಂಡದ ನೆಲದ ಮೇಲೇ ಇದ್ದರೂ ಅಲ್ಲಿಯ ಜನ ಉಳಿದ ದೇಶವನ್ನು 'ಮಾತೆರಿಕ್' ಎನ್ನುತ್ತಾರಂತೆ. ಎಂದರೆ ಮುಖ್ಯಭೂಮಿ. ದ್ವೀಪದವರ ಮಾತು ಅದು.

ಚಳಿಗಾಲದಲ್ಲಿ ಸುಮಾರು 45 ದಿನ ಸೂರ್ಯ ಮೂಡುವುದಿಲ್ಲ. ಬೇಸಿಗೆಯಲ್ಲಿ ಎರಡು ತಿಂಗಳಿಗೂ ಮೇಲೆ ಮುಳುಗುವುದಿಲ್ಲ, ಮಕ್ಕಳನ್ನು ಮಲಗಿಸಬೇಕಾದರೆ ಕಿಟಕಿಗೆ ದಪ್ಪ ಪರದೆ ಎಳೆಯಬೇಕು. ಚಳಿ ಇಷ್ಟು, ಗಾಳಿ ಇಷ್ಟು ಎಂದು ಎರಡನ್ನೂ ಸೇರಿಸಿ ಲೆಕ್ಕ ಹಾಕಿ ಬೆಳಿಗ್ಗೆ ಶಾಲೆಗೆ ರಜೆ ಸಾರುತ್ತಾರೆ. ಮೊದಲು ಸಣ್ಣ ತರಗತಿಗಳಿಗೆ, ಗಾಳಿ ಜೋರಾದರೆ ದೊಡ್ಡವಕ್ಕೂ. ನಮ್ಮ ಜಿಲ್ಲಾಧಿಕಾರಿಗಳು ಕೊಡುವ ಮಳೆ ರಜೆಯ ತಮ್ಮ ಇದು. ರಜೆ ಕೊಟ್ಟ ದಿನವೇ ಮಕ್ಕಳು ಹೊರಗೆ ಆಡುತ್ತಿರುವುದೂ ಎರಡು ಕಡೆ ಒಂದೇ. ಹಿಮಗಾಳಿಯ ದಿನ ಕಾರ್ಖಾನೆಗೆ ಹೋಗುವ ಬಸ್ಸುಗಳು ಒಂಟಿಯಾಗಿ ಹೊರಡುವುದಿಲ್ಲ. ಹಿಮ ಬಾಚುವ ಗಾಡಿಯನ್ನು ಮುಂದೆ ಬಿಟ್ಟುಕೊಂಡು ಸಾಲುಗಟ್ಟಿ ಹೋಗುತ್ತವೆ. ಮನೆಗಳು ನೆಲಕ್ಕೆ ತಾಗಿಲ್ಲ. ಸದಾ ಹೆಪ್ಪುಗಟ್ಟಿದ ಮಣ್ಣಿಗೆ ಕಂಬ ಇಳಿಸಿ, ಕಂಬದ ಮೇಲೆ ಕಟ್ಟಡ ಕೂರಿಸಿ, ಅಡಿಯಲ್ಲಿ ಗಾಳಿ ಆಡುವಂತೆ ಬಿಟ್ಟಿದ್ದಾರೆ. ಮನೆಯ ಬಿಸಿ ನೆಲಕ್ಕೆ ಇಳಿದರೆ ನೆಲ ಕರಗಿ ಮನೆ ವಾಲುತ್ತದೆ. ಈ ಉಪಾಯವನ್ನು ಅಲ್ಲಿ ಬಳಕೆಗೆ ತಂದ ಎಂಜಿನಿಯರ್ ಮಿಖಾಯಿಲ್ ಕಿಮ್ ಆ ಊರಿಗೆ ಬಂದದ್ದು ಕೈದಿಯಾಗಿ. 1966ರಲ್ಲಿ ಅವರಿಗೆ ಲೆನಿನ್ ಪ್ರಶಸ್ತಿ ಕೊಟ್ಟರು.

ಮೇಷ್ಟ್ರ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಯಾರೂ ಅಲ್ಲಿಗೆ ಗಾಳಿ ಬದಲಾವಣೆಗೆಂದು ಹೋಗಲಿಲ್ಲ. 1935ರಿಂದ 1956ರವರೆಗೆ ಅದು ಸ್ತಾಲಿನ್ ಕಟ್ಟಿಸಿದ ಕೈದಿಗಳ ಶಿಬಿರ. ಗಣಿ, ರೈಲುಹಳಿ, ಕುಲುಮೆ, ಎಲ್ಲವನ್ನೂ ಕಟ್ಟಿದ್ದು ಕೈದಿಗಳು. 1953ರಲ್ಲಿ ಅವರು ಬಂಡೆದ್ದಾಗ ಗುಂಡು ಹಾರಿಸಿ ಅಡಗಿಸಿದರು. ನಿಕೊಲಾಯ್ ಉರ್ವಾಂತ್ಸೆವ್ ಎಂಬ ಭೂವಿಜ್ಞಾನಿ ಇದ್ದರು. ಅಲ್ಲಿಯ ಅದಿರನ್ನು ಶೋಧಿಸಿ, 1921ರಲ್ಲಿ ಆ ಊರಿನ ಮೊದಲ ಮನೆ ಕಟ್ಟಿದವರು. 1938ರಲ್ಲಿ ಅವರನ್ನೇ ಹಿಡಿದರು, ಕೊನೆಗೆ ತಾವು ಶೋಧಿಸಿದ ಊರಲ್ಲೇ ಕೈದಿಯಾಗಿ ದುಡಿದರು. ಎಂತಕ್ಕೆ ಇರ್ತಾರೆ ಎಂದು ಅವರನ್ನು ಕೇಳಬೇಕಿತ್ತು!

ಶಿಬಿರ ಮುಚ್ಚಿದ ಮೇಲೆ ಬಂದವರು ಸಂಬಳಕ್ಕೆ ಬಂದರು. ಉತ್ತರದ ಚಳಿಗೆಂದು ಹೆಚ್ಚಿನ ಭತ್ಯೆ, ಬೇಗ ನಿವೃತ್ತಿ ವೇತನ. ಹತ್ತು ವರ್ಷ ದುಡಿದು ಮುಖ್ಯಭೂಮಿಯಲ್ಲಿ ಮನೆ ಮಾಡುವುದು ಎಲ್ಲರ ಲೆಕ್ಕ. 1992ರಲ್ಲಿ ರೂಬಲ್ ಕುಸಿದು ಬೆಲೆಗಳು ಆಕಾಶಕ್ಕೇರಿದಾಗ ಬ್ಯಾಂಕಿನ ಪುಸ್ತಕದಲ್ಲಿದ್ದ ಆ ಮನೆ ಕರಗಿಹೋಯಿತು. ಬಿಟ್ಟು ಹೋಗಬಾರದಾ ಎನ್ನುವವರು ಈ ಲೆಕ್ಕವನ್ನೂ ಒಮ್ಮೆ ಮಾಡಲಿ. ಅದಾಗಿ ಮೂರೇ ವರ್ಷಕ್ಕೆ, 1995ರಲ್ಲಿ, ಸರ್ಕಾರಕ್ಕೆ ಸಾಲ ಕೊಟ್ಟ ನೆಪದಲ್ಲಿ ಒಂದು ಬ್ಯಾಂಕು ಈ ಇಡೀ ಉದ್ಯಮದ ಶೇಕಡಾ 38ರಷ್ಟು ಪಾಲನ್ನು ಸುಮಾರು 17 ಕೋಟಿ ಡಾಲರಿಗೆ ಹಿಡಿದುಕೊಂಡಿತು. ಕೈದಿಗಳು ಅಗೆದ ಗಣಿ ಹೀಗೆ ಮಾಸ್ಕೋದ ಸಾಹುಕಾರರ ಪಾಲಾಯಿತು.

ಇನ್ನೊಂದು ವಿಷಯ. ನರಕ ಎಂದು ತೋರಿಸಿದ ಆ ಊರಲ್ಲಿ 1941ರಲ್ಲೇ ಶುರುವಾದ ನಾಟಕಶಾಲೆಯಿದೆ. ಅಲ್ಲಿ ಬಣ್ಣ ಹಚ್ಚಿದವರಲ್ಲಿ ಇನ್ನೊಕೆಂತಿ ಸ್ಮೊಕ್ತುನೋವ್‌ಸ್ಕಿ ಒಬ್ಬರು. ಕೊಜಿಂತ್ಸೆವ್ 1964ರಲ್ಲಿ ತೆಗೆದ 'ಹ್ಯಾಮ್ಲೆಟ್' ಚಿತ್ರದ ಹ್ಯಾಮ್ಲೆಟ್. ಆ ಚಿತ್ರವನ್ನು ಕಾಲೇಜು ದಿನಗಳಲ್ಲಿ ಚಿತ್ರಸಮಾಜದ ಗಟ್ಟಿ ಕುರ್ಚಿಯ ಮೇಲೆ ಕೂತು ನೋಡಿ ಬೆರಗಾಗಿದ್ದೆ. ಆ ನಟ ಈ ಊರಲ್ಲಿ ಪಳಗಿದವನೆಂದು ಆಗ ತಿಳಿದಿರಲಿಲ್ಲ. ಚಿಮಣಿಯ ಚಿತ್ರ ತೋರಿಸುವವರು ಇದನ್ನು ಯಾಕೆ ತೋರಿಸುವುದಿಲ್ಲ? ಮನುಷ್ಯರು ಅಲ್ಲಿ ಬಾಳುತ್ತಿದ್ದಾರೆ ಎಂದು ಗೊತ್ತಾದರೆ ಲೊಚಗುಟ್ಟುವುದು ಕಷ್ಟವಾಗುತ್ತದೆ.

ಹೊಗೆಯನ್ನು ನಾನು ಸಮರ್ಥಿಸುತ್ತಿಲ್ಲ. ಒಂದು ದಶಕದ ಹಿಂದೆ ಆ ಕುಲುಮೆಗಳು ವರ್ಷಕ್ಕೆ 18 ಲಕ್ಷ ಟನ್ನಿನ ಆಸುಪಾಸು ಗಂಧಕದ ಡೈಆಕ್ಸೈಡ್ ಉಗುಳುತ್ತಿದ್ದವು. ಗಾಳಿ ಬೀಸುವ ದಿಕ್ಕಿನಲ್ಲಿ ಲಾರ್ಚ್ ಕಾಡು ಸಾವಿರಾರು ಚದರ ಕಿಲೋಮೀಟರ್ ಒಣಗಿ ನಿಂತಿದೆ. ಊರೊಳಗಿನ ಹಳೆಯ ನಿಕಲ್ ಕಾರ್ಖಾನೆ ಮುಚ್ಚಿದ್ದು 2016ರಲ್ಲಿ. ದೊಡ್ಡ ಕುಲುಮೆಯ ಗಂಧಕ ಹಿಡಿಯುವ ಯಂತ್ರ ಚಾಲೂ ಆಗಲು 2023 ಬರಬೇಕಾಯಿತು. 2020ರ ಮೇ 29ರಂದು ವಿದ್ಯುತ್ ಸ್ಥಾವರದ ಡೀಸೆಲ್ ಟ್ಯಾಂಕು ಕುಸಿದು 20,000 ಟನ್ನಿಗೂ ಹೆಚ್ಚು ಎಣ್ಣೆ ಹರಿಯಿತು, ಅಂಬರ್ನಾಯಾ ನದಿ ಕೆಂಪಾದದ್ದನ್ನು ಇಡೀ ಜಗತ್ತು ನೋಡಿತು. ನದಿ ಕೆಂಪಾದ ಚಿತ್ರ ನಮ್ಮ ಸಭಾಭವನದಲ್ಲೂ ಬಂತು. ಆಮೇಲೇನಾಯಿತು ಎನ್ನುವುದು ಬರಲಿಲ್ಲ. ನ್ಯಾಯಾಲಯ 14,600 ಕೋಟಿ ರೂಬಲ್ ವಸೂಲು ಮಾಡಿಸಿತು. ಅದರಲ್ಲಿ ಆ ಊರಿನ ಖಜಾನೆಗೆಂದು ಬರೆದದ್ದು 70 ಕೋಟಿಗೂ ಕಡಿಮೆ, ಉಳಿದದ್ದು ಕೇಂದ್ರ ಸರ್ಕಾರಕ್ಕೆ. ಹೊಗೆ ಕುಡಿದವರು ಒಬ್ಬರು, ದಂಡ ಎಣಿಸಿಕೊಂಡವರು ಇನ್ನೊಬ್ಬರು. ಆ ನದಿಗಳಲ್ಲಿ ಮೀನು ಹಿಡಿದು, ಹಿಮಸಾರಂಗ ಮೇಯಿಸಿ ಬದುಕಿದ ದೊಲ್ಗಾನ್, ನ್ಗನಾಸಾನ್, ನೆನೆತ್ಸ್ ಜನ ಕೈದಿಗಳಿಗಿಂತಲೂ ಬಹಳ ಮೊದಲಿನಿಂದ ಅಲ್ಲಿದ್ದವರು. ಅವರು ಎಲ್ಲಿಗೆ ಬಿಟ್ಟು ಹೋಗಬೇಕು ಮೇಷ್ಟ್ರೆ?

ಇನ್ನು ನಮ್ಮ ಕಥೆ. ಅವತ್ತು ಸಭಾಭವನದ ಹೊರಗೆ ಹದಿನೈದಿಪ್ಪತ್ತು ಕಾರು ನಿಂತಿದ್ದವು, ನನ್ನದೂ ಒಂದು. ಪೆಟ್ರೋಲ್ ಕಾರಿನ ಹೊಗೆ ನಳಿಕೆಯ ನಡುವೆ ಒಂದು ಡಬ್ಬಿಯಿರುತ್ತದೆ. ನಮ್ಮ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಕಾರುಗಳಿಗೆ 1995ರಲ್ಲೇ ಅದನ್ನು ಕಡ್ಡಾಯ ಮಾಡಿದರು. ಹೊಗೆಯ ವಿಷ ಇಳಿಸುವ ಆ ಡಬ್ಬಿಯೊಳಗಿನ ಲೇಪದಲ್ಲಿ ಪಲ್ಲೇಡಿಯಂ ಇರುತ್ತದೆ. ಜಗತ್ತಿನ ಗಣಿಗಳಿಂದ ಬರುವ ಪಲ್ಲೇಡಿಯಂ ಹತ್ತು ಪಾಲಾದರೆ ನಾಲ್ಕು ಪಾಲು ರಷ್ಯಾದ್ದು, ಅದರಲ್ಲಿ ಬಹುಪಾಲು ಈ ಒಂದು ಊರಿನ ಅದಿರಿನದು. ನನ್ನ ಕಾರಿನದೂ ಅಲ್ಲಿಂದಲೇ ಬಂತೆಂದು ಆಣೆ ಮಾಡಲಾರೆ. ಆದರೂ ನಮ್ಮ ಗಾಳಿ ತೊಳೆಯುವ ಲೋಹಕ್ಕೆ ಅಲ್ಲಿಯ ಗಾಳಿ ಕೊಳೆಯಾಗಿದೆ ಎಂಬ ಲೆಕ್ಕ ತಪ್ಪುವುದಿಲ್ಲ. ಚಹಾ ಕುಡಿದ ಲೋಟ ಒಳ್ಳೆಯ ಸ್ಟೀಲಿನದಾಗಿದ್ದರೆ ಅದರಲ್ಲೂ ನಿಕಲ್ ಇತ್ತು. ಹೀಗಿರುವಾಗ ಅವರು ಅಲ್ಲಿ ಎಂತಕ್ಕೆ ಇರ್ತಾರೆ ಎಂದು ಕೇಳಲು ನಮಗೆ ಬಾಯಿ ಹೇಗೆ ಬರುತ್ತದೆ?

ನನಗೆ ಸಿಟ್ಟು ಬಂದದ್ದಕ್ಕೆ ಸ್ವಂತದ ಕಾರಣವೂ ಇದೆ. ನಾನು ಬೆಳೆದದ್ದು ಕುದುರೆಮುಖದ ಕಬ್ಬಿಣದ ಗಣಿಯ ಕಾಲನಿಯಲ್ಲಿ. ಅಪ್ಪ ಅಲ್ಲಿ ಫಿಟ್ಟರ್ ಆಗಿದ್ದರು. ತಿಂಗಳುಗಟ್ಟಲೆ ಬಿಡದ ಮಳೆ. ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಅಮ್ಮ ನಮ್ಮ ಯೂನಿಫಾರ್ಮ್ ಒಣಗಿಸುತ್ತಿದ್ದಳು, ಅಂಗಿಗೆಲ್ಲ ಹೊಗೆಯ ವಾಸನೆ. 2002ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಬೇಕೆಂದು ಹೇಳಿದಾಗ ನಾನು ಬೇರೆ ಊರಲ್ಲಿ ಓದುತ್ತಿದ್ದೆ. ಹಾಸ್ಟೆಲಿನ ಗೆಳೆಯರು ಸಿಹಿ ಹಂಚಿದರು. ನಾನೂ ತಿಂದೆ. ಆ ಕಾಡು ಉಳಿಯಬೇಕಿತ್ತು, ಭದ್ರೆಗೆ ಕೆಸರು ಇಳಿಯುವುದು ನಿಲ್ಲಬೇಕಿತ್ತು, ಇವತ್ತಿಗೂ ನನ್ನ ಅಭಿಪ್ರಾಯ ಅದೇ. 2005ರ ಕೊನೆಗೆ ಗಣಿ ನಿಂತಿತು. ಅಪ್ಪನಿಗೆ ಐವತ್ತೆರಡು. ಕಾಲನಿಯ ಮನೆಗಳು ಒಂದೊಂದಾಗಿ ಖಾಲಿಯಾದವು, ನೆರೆಯವರು ದಿಕ್ಕಿಗೊಬ್ಬರಾದರು. ನಾವು ಸಾಮಾನು ಕಟ್ಟಿಕೊಂಡು ದೊಡ್ಡಮ್ಮನ ಮನೆಯಲ್ಲಿ ಇಳಿದ ದಿನ ದೊಡ್ಡಮ್ಮ ಕಾಫಿ ಕೊಡುತ್ತ ಅಮ್ಮನನ್ನು ಕೇಳಿದರು: "ಆ ಕಾಡಲ್ಲಿ, ಆ ಮಳೇಲಿ, ಎಂತಕ್ಕೆ ಇದ್ರೇ ಅಷ್ಟು ವರ್ಷ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅಮ್ಮ ಉತ್ತರ ಕೊಡಲಿಲ್ಲ. ಲೋಟ ಕೆಳಗಿಟ್ಟು ಹಿತ್ತಲಿಗೆ ಹೋದಳು. ಇಪ್ಪತ್ತೈದು ವರ್ಷದ ಸಂಸಾರಕ್ಕೆ ಸಮಜಾಯಿಷಿ ಕೊಡು ಎಂದರೆ ಅವಳು ಏನೆಂದು ಕೊಡಬೇಕಿತ್ತು?

ಗಣಿ ಬೇಕೋ ಬೇಡವೋ, ಹೊಗೆಗೆ ಜರಡಿ ಹಾಕಿಸಲು ಇಷ್ಟು ವರ್ಷ ಯಾಕೆ ಬೇಕಾಯಿತು, ದಂಡ ಯಾರ ಕೈಗೆ ಹೋಯಿತು, ಇದನ್ನೆಲ್ಲ ಮಾಲೀಕರನ್ನು ಕೇಳಿ, ಸರ್ಕಾರವನ್ನು ಕೇಳಿ, ಲೋಹ ಕೊಳ್ಳುವವರನ್ನು ಕೇಳಿ. ಬಾಡಿಗೆ ಕಟ್ಟಿ ಮಕ್ಕಳನ್ನು ಶಾಲೆಗೆ ಕಳಿಸುವ ಹೆಂಗಸನ್ನು ಕೇಳಬೇಡಿ. ಮೊನ್ನೆ ನೊರಿಲ್ಸ್ಕಿನ ಒಬ್ಬಾಕೆ ತನ್ನ ಅಡುಗೆಮನೆ ತೋರಿಸುವ ವಿಡಿಯೋ ಹಾಕಿ ಅಮ್ಮನಿಗೆ ತೋರಿಸಿದೆ. ಹೊರಗೆ ಕತ್ತಲೆ, ಕಿಟಕಿಯ ಹತ್ತಿರ ಬಲ್ಬಿನ ಕೆಳಗೆ ನಾಲ್ಕು ಕುಂಡ. ಅಮ್ಮ ಕನ್ನಡಕ ಏರಿಸಿ ನೋಡಿ, "ಒಲೆ ಚೊಕ್ಕಟ ಇಟ್ಟುಕೊಂಡಿದ್ದಾಳೆ" ಎಂದಳು.

ಆ ತರುಣರು ಬರುವ ತಿಂಗಳು ತೀರ್ಥಹಳ್ಳಿಯಲ್ಲಿ ಅದೇ ಚಿತ್ರಗಳನ್ನು ತೋರಿಸುತ್ತಾರಂತೆ. ಫೋನ್ ಮಾಡಿ, ಇನ್ನೆರಡು ಸೇರಿಸಿ ಎಂದು ಕೇಳಿಕೊಂಡೆ: ದಂಡದ ಹಣ ಹಂಚಿದ ಪಟ್ಟಿ ಒಂದು, ನಮ್ಮದೇ ಕಾರಿನ ಅಡಿಯ ಡಬ್ಬಿ ಒಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಪರದೆ ಮೇಲೆ ಚೆನ್ನಾಗಿ ಬರುವುದಿಲ್ಲ ಸಾರ್" ಎಂದರು.