ರಕ್ತಬೀಜನ ಸಂತತಿ

ರಕ್ತಬೀಜಾಸುರನ ಕಥೆಯನ್ನು ಕೇಳದವರಾರು? ಅವನ ಮೈಯಿಂದ ನೆಲಕ್ಕೆ ಬಿದ್ದ ಒಂದೊಂದು ಹನಿ ನೆತ್ತರಿನಿಂದಲೂ ಅವನಂಥವನೇ ಮತ್ತೊಬ್ಬ ದೈತ್ಯನು ಏಳುತ್ತಿದ್ದನು. ಕಂಪ್ಯೂಟರ್ ಉಳ್ಳ ಮನೆಗಳಿಗೆ ಈ ದೈತ್ಯನು ಅಪರಿಚಿತನಲ್ಲ. ಎಂದೋ ಯಾವುದೋ ಉಪಯೋಗಕ್ಕೆಂದು ಹಾಕಿಕೊಂಡ ಪ್ರೋಗ್ರಾಂ ಒಂದು ತೆರೆಯ ಮರೆಯಲ್ಲಿ ಕುಳಿತು ಯಂತ್ರದ ಶಕ್ತಿಯನ್ನು ಹೀರುತ್ತಿರುತ್ತದೆ. ಮಗಳ ಪಾಠ ನಡುವೆಯೇ ನಿಲ್ಲುತ್ತದೆ. ತಂದೆಯ ಲೆಕ್ಕಪತ್ರ ತೆರೆಯಲೊಲ್ಲದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು ಅದನ್ನು ಕೊನೆಗಾಣಿಸಿದ್ದಾಯಿತು. ರೆಪ್ಪೆ ಬಡಿಯುವಷ್ಟರಲ್ಲಿ ಅದು ಮತ್ತೆ ಪ್ರತ್ಯಕ್ಷ!

ಇದು ಮಾಟವಲ್ಲ, ಮೊಂಡುತನವೂ ಅಲ್ಲ, ಸ್ವಾಮಿನಿಷ್ಠೆ. ಯೂನಿಕ್ಸ್ ಬಲ್ಲವರು ಇಂಥ ಮರೆಯ ಸೇವಕರನ್ನು ‘ಡೀಮನ್’ ಎನ್ನುತ್ತಾರೆ. 1963ರಲ್ಲಿ ಅಮೆರಿಕೆಯ ಎಂ.ಐ.ಟಿ.ಯಲ್ಲಿ ಬಳಕೆಗೆ ಬಂದ ಈ ಹೆಸರಿಗೆ ಮೂಲವು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ಲನು ಕಲ್ಪಿಸಿದ ದಣಿವರಿಯದ ಪುಟ್ಟ ಭೂತ. ವಿಂಡೋಸಿನಲ್ಲಿ ಈ ಸೇವಕರ ಮೇಲೊಬ್ಬ ಮೇಸ್ತ್ರಿಯಿದ್ದಾನೆ. ಅಚ್ಚಾಗಬೇಕಾದ ಪುಟಗಳನ್ನು ಸರದಿಯಂತೆ ಕಳುಹಿಸುವ ಸೇವೆಯು ನಡುವೆ ಕುಸಿದರೆ ಅದನ್ನು ಎಬ್ಬಿಸಿ ನಿಲ್ಲಿಸುವವನು ಅವನೇ. ಹಠಾತ್ತನೆ ಕೊಂದ ಸೇವೆಯನ್ನೂ ಅವನು ಅಪಘಾತಕ್ಕೀಡಾದುದೆಂದೇ ಬಗೆಯುತ್ತಾನೆ. ತನಗಿತ್ತ ಕಟ್ಟಳೆಯಂತೆ ಮರಳಿ ಎಬ್ಬಿಸುತ್ತಾನೆ. ಅದೇ ಸೇವೆಗೆ ಅವನ ಮೂಲಕ ‘ನಿಲ್ಲು’ ಎಂದು ಆಜ್ಞಾಪಿಸಿದರೆ ಸುಮ್ಮನಿರುತ್ತಾನೆ.

ದೇವಿಯ ಆಯುಧವೊಂದರಿಂದಲೇ ರಕ್ತಬೀಜನು ಅಳಿಯಲಿಲ್ಲ. ಹನಿ ನೆಲ ಮುಟ್ಟದಂತೆ ಚಾಮುಂಡಿಯು ನಾಲಗೆ ಚಾಚಿದ ಮೇಲೆಯೇ ಅಳಿದನು. ಇಲ್ಲಿಯೂ ಮೊದಲು ಮರುಹುಟ್ಟನ್ನು ತಡೆಯಬೇಕು. ‘ಸರ್ವಿಸಸ್’ ಪಟ್ಟಿಯಲ್ಲಿ ಅದರ ಹೆಸರನ್ನು ಹುಡುಕಿ, ‘ಸ್ಟಾರ್ಟಪ್ ಟೈಪ್’ ಎಂಬಲ್ಲಿ ‘ಡಿಸೇಬಲ್ಡ್’ ಎಂದು ಆರಿಸಿ, ಬಳಿಕ ‘ಸ್ಟಾಪ್’ ಒತ್ತಬೇಕು. ಅಲ್ಲಿ ಹೆಸರಿಲ್ಲದಿದ್ದರೆ ಕರೆ ಬರುವ ದಾರಿ ಬೇರೆ: ಯಂತ್ರ ಎದ್ದೊಡನೆ ಏಳುವವರ ಪಟ್ಟಿಯಾದ ‘ಸ್ಟಾರ್ಟಪ್’, ಗೊತ್ತಾದ ವೇಳೆಗೆ ಎಬ್ಬಿಸುವ ‘ಟಾಸ್ಕ್ ಶೆಡ್ಯೂಲರ್’, ಇವೆರಡನ್ನೂ ಶೋಧಿಸಬೇಕು. ಪ್ರೋಗ್ರಾಂ ಬೇಡವೇ ಬೇಡವೆಂದಾದರೆ, ಅದನ್ನು ‘ಅನ್‌ಇನ್‌ಸ್ಟಾಲ್’ ಮಾಡುವುದೇ ಲೇಸು.

ಆದರೆ ಆತುರ ಸಲ್ಲದು. ಅಪರಿಚಿತ ಹೆಸರುಗಳನ್ನೆಲ್ಲ ಹಗೆಗಳೆಂದು ಬಗೆದು ನಿಲ್ಲಿಸುತ್ತ ಹೋದರೆ, ವೈರಸ್ಸನ್ನು ತಡೆಯುವ ಕಾವಲುಗಾರನೇ ಮನೆಯಿಂದ ಹೊರಬಿದ್ದಾನು. ಹೆಸರಿನ ಹಿಂದಿನ ಕೆಲಸವನ್ನು ತಿಳಿದೇ ಕೈಯಿಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಮರಳಿ ಬರುವುದಾದರೆ, ಅದು ಮರೆತ ಆಳಲ್ಲ, ಕನ್ನವಿಕ್ಕಿದ ಕಳ್ಳನೂ ಆಗಿರಬಹುದು. ಆಗ ವೈರಸ್ ತಪಾಸಣೆ ನಡೆಸದೆ, ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರಕ್ಕೆ ತೊಡಗಬಾರದು.